ನೆಟ್ಟಗೆ ತೇಲಿದ ದೋಣಿ

ನವೆಂಬರ್ ೯, ಭಾನುವಾರ

ದೋಣಿ ನೆಟ್ಟಗೆ ತೇಲಿತು. ಬೆಳಿಗ್ಗೆಯಿಂದ ಅದೇ ಕೊರಗು.

ಅಪ್ಪ ತೀರಿಕೊಂಡ ಮೇಲೆ, ಅವರು ಜನರನ್ನು ಹೊಳೆ ದಾಟಿಸುತ್ತಿದ್ದ ದೋಣಿಯ ಮಾದರಿಯೊಂದನ್ನು ಮೊಳದುದ್ದಕ್ಕೆ ಇಳಿಸಿ ಮರದಲ್ಲಿ ಮಾಡಲು ನನಗೆ ಏಳು ತಿಂಗಳು ಹಿಡಿಯಿತು. ಇವತ್ತು ಬಚ್ಚಲಿನ ಟಬ್ಬಿನಲ್ಲಿ ಬಿಟ್ಟಾಗ ಅಣ್ಣ ಚಪ್ಪಾಳೆ ತಟ್ಟಿದ. "ಭೇಷ್ ಕಣೇ! ಒಂಚೂರೂ ವಾಲಿಲ್ಲ ನೋಡು."

"ಅದೇ ತಪ್ಪಾಗಿರೋದು. ಅಪ್ಪನ ದೋಣಿ ಯಾವತ್ತಣ್ಣಾ ನೆಟ್ಟಗಿತ್ತು?"

ಅಪ್ಪನಿಗೆ ಬಲಮಂಡಿ ಮಡಚಲು ಬರುತ್ತಿರಲಿಲ್ಲ. ಆ ಕಾಲು ಚಾಚಿಕೊಳ್ಳಲೆಂದು ಎಡ ಅಂಚಿಗೇ ಒತ್ತಿ ಕೂರುತ್ತಿದ್ದರು. ಹತ್ತಿದವರೆಲ್ಲ ಹೇಳಿಸಿಕೊಳ್ಳದೆ ಬಲಕ್ಕೆ ಸರಿಯುತ್ತಿದ್ದರು. ಆದರೂ ದೋಣಿ ಎಡಕ್ಕೇ ವಾಲಿಕೊಂಡು, ನಿದ್ದೆಗಣ್ಣಿನಲ್ಲಿ ನಡೆದುಬಂದಂತೆ, ಮಂಜಿನೊಳಗಿಂದ ಬರುತ್ತಿತ್ತು. ಆ ವಾಲು ಕಂಡರೆ ಸಾಕು, ಅಮ್ಮ ಒಲೆ ಹಚ್ಚುತ್ತಿದ್ದಳು.

ಅಣ್ಣ ಹೋದ ಮೇಲೆ ಗಾಳದ ಸೀಸದ ಗುಂಡೊಂದನ್ನು ಅಪ್ಪ ಕೂರುವ ಹಲಗೆಯ ಎಡತುದಿಗೆ ಮೇಣದಿಂದ ಅಂಟಿಸಿದೆ. ನೀರು ಅಲುಗಿ ನಿಂತಿತು. ದೋಣಿ ಮೆಲ್ಲಗೆ ಎಡಕ್ಕೆ ಬಾಗಿತು, ಆಗಷ್ಟೇ ಯಾರೋ ಕಾಲು ಚಾಚಿ ಕುಳಿತ ಹಾಗೆ.

ಟಬ್ಬಿನ ನೀರು ಇನ್ನೂ ಚೆಲ್ಲಿಲ್ಲ. ಬಚ್ಚಲಿನ ದೀಪ ಆರಿಸಿ ಬರಬೇಕು. ಆದರೆ ಅವರೊಬ್ಬರನ್ನೇ ಕತ್ತಲಲ್ಲಿ ಹೇಗೆ ಬಿಟ್ಟು ಬರಲಿ?