ಹಾಲಮ್ಮನವರ ಕೋಣೆ ಯಾರ ಕಡೆಗೆ

ಹರಿಹರ,
ಫೆಬ್ರವರಿ 30, 2191

ಬಹಳ ಹಿಂದಿನ ಕಾಲದಲ್ಲಿರುವ ಹಿರಿಯರಿಗೆ ರಮೀಜಾಳ ನಮಸ್ಕಾರಗಳು. ಮೇಲಿನ ತಾರೀಖು ನಮ್ಮ ಕ್ಯಾಲೆಂಡರಿನಲ್ಲಿ ನಿಜವಾಗಿಯೂ ಇದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ದಯವಿಟ್ಟು ಕ್ಷಮಿಸಿ.

ನಾನು ಬಿಡಿಸುಗಾರ್ತಿ. ಗಂಡ ಹೆಂಡತಿ ಬೇರೆಯಾಗುವಾಗ ಅವರ ಮನೆಗೇ ಹೋಗಿ ಕೂತು, ಸಂಬಂಧದ ಗಂಟುಗಳನ್ನು ಹರಿಯದಂತೆ ಬಿಡಿಸುವುದು ನನ್ನ ಕೆಲಸ. ಕೋರ್ಟು ನನ್ನ ವರದಿ ನೋಡಿಯೇ ತೀರ್ಪು ಕೊಡುತ್ತದೆ. ನಮ್ಮವು ಕಳಚುಮನೆಗಳು, ಒಂದೊಂದೇ ಕೋಣೆಯನ್ನು ಕಳಚಿ, ಬಂಡಿಗೇರಿಸಿ, ಬೇರೆ ಕಡೆ ಜೋಡಿಸಬಹುದು. ಮಕ್ಕಳ ಕೋಣೆಯನ್ನು ಮಾತ್ರ ಕದಲಿಸುವಂತಿಲ್ಲ. ಅಪ್ಪ ಅಮ್ಮನೇ ಸರದಿಯಂತೆ ಅಲ್ಲಿಗೆ ಬಂದು ಇರಬೇಕು.

ಒಮ್ಮೆ ಬೇರೆಯಾಗಲು ನನ್ನನ್ನು ಕರೆಸಿದ್ದ ಉಮಾಪತಿ ಮತ್ತು ವಿಮಲಾಕ್ಷಿಗೆ ಮಕ್ಕಳಿರಲಿಲ್ಲ. ಅವರ ನಡುವೆ ಜಗಳವಾಡುವ ಆಸಕ್ತಿಯೂ ಉಳಿದಿರಲಿಲ್ಲ. ಕೆಲಸ ಸುಲಭವೆಂದುಕೊಂಡು ಹೋದೆ. ಅಡುಗೆಮನೆ ವಿಮಲಾಕ್ಷಿಯ ಜೊತೆ ಹೊಳೆಯಾಚೆ ಹೋಗುವುದೆಂದೂ, ಪಡಸಾಲೆ ಇಲ್ಲೇ ಉಳಿಯುವುದೆಂದೂ ಬೇಗನೆ ತೀರ್ಮಾನವಾಯಿತು. ಉಮಾಪತಿಯ ತಾಯಿ ಹಾಲಮ್ಮನವರ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ. ಮಗನ ಜೊತೆಗಲ್ಲದೆ ಇನ್ನೆಲ್ಲಿರುತ್ತಾರೆ ಎಂದು ನಾನೂ ಅಂದುಕೊಂಡಿದ್ದೆ.

ಬಂಡಿ ಬಂದು ನಿಂತಿತು. ಹಾಲಮ್ಮ ಬಂದು ಹೊಸ್ತಿಲ ಮೇಲೆ ಕೂತರು.

"ನನ್ನ ಯಾರೂ ಕೇಳ್ಲೇ ಇಲ್ಲಲ್ಲಮ್ಮ. ನನ್ನ ಕೋಣೆ ವಿಮಲಿ ಮನೆಗೆ ಸೇರ್ಸು."

ಉಮಾಪತಿ ಬಂದು ತಾಯಿಯ ಎದುರು ಕುಕ್ಕರಿಸಿದ. "ನಾನೇನು ಕಮ್ಮಿ ಮಾಡಿದ್ನವ್ವ ನಿಂಗೆ?"

"ಏನೂ ಕಮ್ಮಿ ಮಾಡಿಲ್ಲ ಕಣಪ್ಪ. ಚೌಕಾಬಾರ ಆಡಾಕೆ ಕೂತ್ರೆ, ಅವ್ವಂಗೆ ವಯಸ್ಸಾತು ಅಂತ ನೀನು ಬೇಕಂತ್ಲೇ ಸೋಲ್ತಿ. ಇವ್ಳು ನನ್ನ ಸೋಲ್ಸಿ ನಗ್ತಾಳೆ. ಆಗ ನಂಗೆ ಇನ್ನೂ ಜೀವ ಐತಿ ಅನ್ನಿಸ್ತತಿ."

ನನಗೆ ನಗು ಬಂತು, ದಿಗಿಲೂ ಆಯಿತು. ಮದುವೆ ಮುರಿದರೆ ಅತ್ತೆ ಸೊಸೆಯ ನಂಟೂ ಮುರಿಯಿತೆಂಬುದೇ ಆಗಿನ ಕಾನೂನು. ವಿಮಲಾಕ್ಷಿಯ ಕಡೆ ನೋಡಿದರೆ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾನೇ ಕೇಳಬೇಕೆಂದಿದ್ದಳಂತೆ. ಮಗನನ್ನು ಬಿಟ್ಟು ತಾಯಿಯನ್ನು ಹೊಡೆದುಕೊಂಡು ಹೋದಳು ಎಂದು ಜನ ಆಡಿಕೊಂಡಾರೆಂದು ಬಾಯಿ ಬಿಟ್ಟಿರಲಿಲ್ಲ.

ಬಂಡಿಯನ್ನು ಖಾಲಿ ಕಳಿಸಿ, ನಡೆದದ್ದನ್ನೆಲ್ಲ ಕೋರ್ಟಿಗೆ ಬರೆದೆ. ನ್ಯಾಯಾಧೀಶೆ ಆ ವರದಿಯನ್ನು ಎರಡು ಸಲ ಓದಿದರಂತೆ. ಈಕೆ ಬಿಡುಗಡೆ ಬೇಡಿದ್ದು ಗಂಡನಿಂದ, ಅತ್ತೆಯಿಂದಲ್ಲ ಎಂದು ತೀರ್ಪಿತ್ತರು. ಹಾಲಮ್ಮನವರ ಕೋಣೆ ಸೇತುವೆ ದಾಟಿತು. ಅವರು ಅದರ ಕಿಟಕಿಯಲ್ಲೇ ಕೂತು ಊರಿನವರಿಗೆಲ್ಲ ಕೈಬೀಸುತ್ತ ಹೋದರು.

ಉಮಾಪತಿ ಮುನಿಸಿಕೊಂಡು ಬಹಳ ದಿನ ಆ ಕಡೆ ಸುಳಿಯಲಿಲ್ಲ. ಕಡೆಗೆ ಯುಗಾದಿಗೆ ತಾನೇ ಮಾಡಿದ ಹೋಳಿಗೆ ಹಿಡಿದುಕೊಂಡು ಹೋದ. ಎಲ್ಲವೂ ಹರಿದು ಚಿಂದಿಯಾಗಿದ್ದವು. ಹಾಲಮ್ಮ ಒಂದನ್ನು ತಿಂದು, ಹೂರಣವನ್ನು ಇನ್ನೂ ರುಬ್ಬಬೇಕಿತ್ತು ಎಂದರಂತೆ. ವಿಮಲಾಕ್ಷಿ ನಕ್ಕಳು, ಅವನೂ ನಕ್ಕ. ಗಂಡ ಹೆಂಡತಿಯಾಗಿದ್ದಾಗ ಅವರಿಬ್ಬರೂ ಹಾಗೆ ಒಟ್ಟಿಗೆ ನಕ್ಕು ವರ್ಷಗಳೇ ಆಗಿದ್ದವು.

ಹಿರಿಯರೇ, ನಿಮ್ಮಲ್ಲೊಂದು ಕೋರಿಕೆ. ಮನೆಯೊಂದು ಎರಡಾಗುವಾಗ ಬಾಗಿಲ ಹಿಂದೆ ಸುಮ್ಮನೆ ನಿಂತವರು ಯಾರಾದರೂ ಇರುತ್ತಾರೆ. ಅವರನ್ನೂ ಕರೆದು ಕೂರಿಸಿ, ಯಾರ ಜೊತೆ ಇರುವ ಆಸೆ ಎಂದು ಕೇಳಿ. ಉತ್ತರ ನೀವೇ ಹೇಳಿಬಿಡಬೇಡಿ.

ಹೊಳೆಯ ಮೇಲೆ ಬಿಸಿಲೇರುತ್ತಿದೆ, ಇನ್ನೊಂದು ಮನೆಯವರು ನನಗಾಗಿ ಕಾದಿದ್ದಾರೆ. ನೀವೆಲ್ಲ ಚೆನ್ನಾಗಿರಿ.