ಮಣ್ಣು ಮುಟ್ಟಿ ಏಳುವವರೆಗೆ

ಫೆಬ್ರವರಿ ೭, ಶನಿವಾರ. ಶಹಾಬಾದ

ಭೀಮಾಶಂಕರನ ಕೊಲೆಯ ವಿಡಿಯೊ ಇಂದು ಠಾಣೆಯಲ್ಲಿ ತೋರಿಸಿದರು. ಕೊಂದವನು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದ.

“ಉಸ್ತಾದ, ಗುರ್ತ ಸಿಗ್ತದೇನು ನೋಡ್ರಿ,” ಎಂದರು ಪಿಎಸ್‌ಐ.

“ಮಾರಿನೇ ಕಾಣವಲ್ದಲ್ರಿ ಸಾಹೇಬ್ರ,” ಅಂದೆ.

ಸುಳ್ಳು ಹೇಳಿದೆ. ಅವನು ಎಡಗೈಯಿಂದ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡಾಗಲೇ ಮಲ್ಕಣ್ಣನೆಂದು ಗೊತ್ತಾಗಿತ್ತು; ನನ್ನ ಶಿಷ್ಯರಲ್ಲಿ ಎಡಗೈಯವನು ಅವನೊಬ್ಬನೇ. ಅವನಿಗೂ ಭೀಮಾಶಂಕರನಿಗೂ ಲಾಠಿ ಕಲಿಸಿದವನು ನಾನು. ಆಮೇಲೆ ಬೇರೆ ಬೇರೆ ಗ್ಯಾಂಗು ಸೇರಿದರು. ಹೋದ ವರ್ಷ ವಾಡಿಯಲ್ಲಿ ಮಲ್ಕಣ್ಣನ ಅಣ್ಣನನ್ನು ಭೀಮಾಶಂಕರನ ಕಡೆಯವರು ಕೊಂದಿದ್ದರು.

ಎದುರಾಳಿ ಮಣ್ಣು ಮುಟ್ಟಿ ಏಳುವವರೆಗೆ ಹೊಡೆಯಬಾರದು ಎಂಬುದು ನನ್ನ ತಾಲೀಮಿನ ಮೊದಲ ಪಾಠ. ವಿಡಿಯೊದಲ್ಲಿ ಮಲ್ಕಣ್ಣ ಮಣ್ಣಿಗೆ ಬಾಗಿದ ಕೂಡಲೇ ಭೀಮಾಶಂಕರ ಎತ್ತಿದ ಲಾಠಿ ಇಳಿಸಿ ಕಾದ. ಅಷ್ಟು ವಿಧೇಯ ನನ್ನ ಹುಡುಗ. ಮಲ್ಕಣ್ಣ ಎದ್ದಾಗ ಕೈಯಲ್ಲಿ ಚಾಕು ಇತ್ತು.

ನಾಳೆ ಭೀಮಾಶಂಕರನ ತಮ್ಮ ಲಾಠಿ ಕಲಿಯಲು ಬರುತ್ತಾನೆ. ಅವನಿಗೂ ಕಾಯುವುದನ್ನೇ ಕಲಿಸಲೇ, ಇಲ್ಲಾ ಬಾಗಿದವನನ್ನೇ ಹೊಡೆಯುವುದನ್ನು ಕಲಿಸಲೇ?