ಆ ಈಥರ್ ಬಾಟಲಿಯನ್ನು ಮುಟ್ಟಬೇಡಿ

ಜೂನ್ ೧೪, ಶನಿವಾರ

ರೀ,

ಹೇಗಿದ್ದೀರಿ ಎಂದು ಆಮೇಲೆ ಕೇಳುತ್ತೇನೆ, ಮೊದಲು ಇದನ್ನು ಓದಿ. ಏಪ್ರಿಲ್‌ನಲ್ಲಿ ನಮ್ಮ ಕಾಲೇಜಿನಿಂದ ನಿಮ್ಮ ಲ್ಯಾಬಿಗೆ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಕಂದು ಬಣ್ಣದ ಒಂದು ಈಥರ್ ಬಾಟಲಿ ಇದೆ. ಅದನ್ನು ಮುಟ್ಟಬೇಡಿ. ಮುಚ್ಚಳ ತಿರುಗಿಸಬೇಡಿ, ಅಲುಗಾಡಿಸಬೇಡಿ, ಪಕ್ಕದ ಕಪಾಟಿಗೂ ಎತ್ತಿಡಬೇಡಿ. ಸ್ಟೋರ್ ರೂಮಿಗೆ ಬೀಗ ಹಾಕಿ, ಇಂಥದ್ದನ್ನು ವಿಲೇವಾರಿ ಮಾಡಲು ಬಲ್ಲವರನ್ನು ಕರೆಸಿ.

ಲೇಬಲ್ ಮೇಲೆ ತೆರೆದ ದಿನಾಂಕ ಮಾರ್ಚ್ ೩ ಎಂದಿದೆ. ಅಕ್ಷರ ನನ್ನದೇ, ದಿನಾಂಕ ಮಾತ್ರ ಸುಳ್ಳು. ಆ ಬಾಟಲಿ ತೆರೆದು ನಾಲ್ಕು ವರ್ಷ ದಾಟಿದೆ.

ನಿನ್ನೆಯಿಂದ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ನೀವು ನನ್ನ ಫೋನ್ ಎತ್ತುವುದನ್ನು ಬಿಟ್ಟು ಏಳು ತಿಂಗಳಾಯಿತು, ಅದಕ್ಕೆ ಈಗ ದೂರುವುದಿಲ್ಲ. ನಿಮ್ಮ ಆಫೀಸಿಗೂ ಮಾಡಿದೆ. ಸೋಮವಾರದವರೆಗೆ ನಿಮಗೆ ರಜೆ ಎಂದರು. ಈಥರ್ ಇಟ್ಟ ಕಪಾಟನ್ನು ಯಾರೂ ತೆಗೆಯದಂತೆ ನೋಡಿಕೊಳ್ಳಿ ಎಂದರೆ, ಆ ಗುಮಾಸ್ತ ನಕ್ಕು, ಮನೆ ಜಗಳ ಮನೇಲೇ ಇಟ್ಕೊಳ್ಳಿ ಮೇಡಂ ಎಂದು ಫೋನ್ ಇಟ್ಟ. ಅದಕ್ಕೇ ಈ ಕಾಗದ. ನಮ್ಮ ಕಾಲೇಜು ವ್ಯಾನಿನ ಡ್ರೈವರಣ್ಣ ನಿಮ್ಮ ರೂಮಿಗೇ ಬಂದು ಕೈಗೆ ಕೊಡುತ್ತಾರೆ.

ಮಾರ್ಚ್‌ನಲ್ಲಿ ನಮ್ಮಲ್ಲಿ ತಪಾಸಣೆ ಇತ್ತು. ನೀವು ವರ್ಗ ಮಾಡಿಸಿಕೊಂಡು ಹೋದ ಮೇಲೆ ನಿಮ್ಮ ಜಾಗಕ್ಕೆ ಯಾರೂ ಬಂದಿಲ್ಲ. ಇಬ್ಬರ ಕೆಲಸ ಒಬ್ಬಳ ತಲೆ ಮೇಲೆ. ಆಸಿಡ್‌ಗಳನ್ನು ಬೇರೆ ಮಾಡಿ ಕೆಳಗಿನ ತಟ್ಟೆಗಳಲ್ಲಿ ಇಡುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಕೊನೆಗೆ ಈಥರ್ ಕಪಾಟು ತೆಗೆದರೆ, ನಿಮ್ಮ ಕಣ್ಣಿಗೂ ಬೀಳದೆ ಹಿಂದೆ ಉಳಿದಿದ್ದ ಎರಡು ಹಳೆಯ ಬಾಟಲಿ. ನಿಯಮದಂತೆ ಅವನ್ನು ಹೊರಗೆ ಹಾಕಿಸಬೇಕೆಂದರೆ ಅರ್ಜಿ, ಮೇಲಿನವರ ಸಹಿ, ಇಷ್ಟು ದಿನ ಏಕೆ ಇಟ್ಟಿರಿ ಎಂಬ ವಿಚಾರಣೆ. ಸಾಕಪ್ಪಾ ಸಾಕು ಅನ್ನಿಸಿತು. ಹಳೆಯ ಲೇಬಲ್ ಕಿತ್ತು ಹೊಸದು ಅಂಟಿಸಿದೆ. ಬಂದವರು ದಿನಾಂಕ ನೋಡಿದರು, ಟಿಕ್ ಹಾಕಿದರು, ಹೋದರು. ಅವರ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭ ಎಂದು ನನಗೂ ಗೊತ್ತಿರಲಿಲ್ಲ.

ಆಮೇಲೆ ಹೆಚ್ಚಾಗಿ ಉಳಿದ ಸಾಮಾನನ್ನು ಬೇರೆ ಲ್ಯಾಬುಗಳಿಗೆ ಹಂಚಿ ಎಂದು ಆದೇಶ ಬಂತು. ಒಂದು ಬಾಟಲಿ ಆ ಪೆಟ್ಟಿಗೆಗೆ ಸೇರಿತು. ಅದು ಯಾವ ಲ್ಯಾಬಿಗೆ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಎಲ್ಲ ಆಫೀಸಿನವರೇ ನೋಡಿಕೊಂಡರು.

ನಿನ್ನೆ ಇಲ್ಲಿ ಉಳಿದ ಬಾಟಲಿ ಹುಡುಕಲು ಕಪಾಟು ತೆಗೆದೆ. ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದೆ. ಹಳತಾದ ಈಥರ್‌ನಲ್ಲಿ ಕಟ್ಟುವ ಆ ಹರಳನ್ನು ಉಜ್ಜಿದರೆ ಸಾಕು, ಸಿಡಿಯುತ್ತದೆ ಎಂದು ನನಗೆ ಹೇಳಿಕೊಟ್ಟವರೇ ನೀವು. ಬಾಟಲಿ ಮುಟ್ಟದೆ ಹೊರಗೆ ಬಂದು ಬೀಗ ಹಾಕಿದೆ. ನಿಮ್ಮಲ್ಲಿರುವುದೂ ಅದೇ ಕಾಲದ್ದು, ಅದೇ ಕಂಪನಿಯದು.

ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ, ನಿಮ್ಮ ಆಫೀಸಿಗೆ ಅವರ ಪತ್ರ ಹೋಗುವುದು ಸೋಮವಾರವೇ. ಕೆಲಸ ಉಳಿಯುವುದಿಲ್ಲ ಅನ್ನಿಸುತ್ತದೆ. ಅವರು ಓದಿ, ನೀವೇ ಹೀಗೆ ಮಾಡಿದರೆ ಹೇಗಮ್ಮಾ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ನೀವು ಊರಿಗೆಲ್ಲ ತಾರೀಖು ಮಾಸ್ತರು. ಮನೆಯ ಉಪ್ಪಿನ ಡಬ್ಬಿಗೂ ತಾರೀಖು ಬರೆದು ಅಂಟಿಸುತ್ತಿದ್ದಿರಿ. ಇದೇನು ಮನೆಯೋ ಗೋದಾಮೋ ಎಂದು ಮಗಳು ನಗುತ್ತಿದ್ದಳು. ನಾನು ನಗಲಿಲ್ಲ, ಒಂದು ದಿನ ರೇಗಿ, ಬಾಟಲಿಗಳೇ ನಿಮ್ಮ ಹೆಂಡತಿ ಮಕ್ಕಳು, ಅಲ್ಲೇ ಹೋಗಿ ಇರಿ ಎಂದೆ. ನೀವು ಹೊರಟೇಬಿಟ್ಟಿರಿ. ಅಂದ ಮಾತಿನ ಅರ್ಥ ಅದಾಗಿರಲಿಲ್ಲ, ನನಗೆ ದಣಿವಾಗಿತ್ತು. ಈಗಲೂ ಆಗಿದೆ.

ಇಪ್ಪತ್ತು ವರ್ಷ ಒಂದೇ ಸ್ಟೋರಿನಲ್ಲಿ ದುಡಿದೆವು. ಯಾರ ಬಾಟಲಿ ಬಂದರೂ ನೀವು ಟಾರ್ಚ್ ಹಿಡಿದು, ತಳ ನೋಡಿ, ಮುಚ್ಚಳ ನೋಡಿ ಒಳಗಿಡುತ್ತಿದ್ದಿರಿ. ನನ್ನ ಅಕ್ಷರವಿದ್ದರೆ ನೇರ ಕಪಾಟಿಗೆ. ಒಮ್ಮೆ ಕೇಳಿದ್ದಕ್ಕೆ, ನೀನು ಬರೆದ ಮೇಲೆ ನೋಡೋದೇನಿದೆ ಎಂದಿದ್ದಿರಿ. ನೀವು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದನ್ನು ನೆನೆದು ನಿನ್ನೆ ಸ್ಟೋರಿನ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಮಗಳು ಚೆನ್ನಾಗಿದ್ದಾಳೆ. ನಿಮ್ಮನ್ನು ಕೇಳುತ್ತಾಳೆ. ಈ ವಿಷಯ ಅವಳಿಗೆ ಹೇಳಿಲ್ಲ.

ಕಾಗದ ತಲುಪಿತು ಎಂದು ಡ್ರೈವರಣ್ಣನ ಹತ್ತಿರ ಒಂದು ಮಾತು ಹೇಳಿ ಕಳಿಸಿ, ನನಗೆ ಅಷ್ಟೇ ಸಾಕು.

ಇಂತಿ,
ನಿಮ್ಮ ಮಗಳ ಅಮ್ಮ

ಮತ್ತೆ: ಅಂಟಿಸಿದ ಲಕೋಟೆಯನ್ನು ಹರಿದು ಇಷ್ಟು ಸೇರಿಸುತ್ತಿದ್ದೇನೆ. ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ ಎಂದು ಬರೆದೆನಲ್ಲ, ಗೊತ್ತಿತ್ತು. ಪಟ್ಟಿಯಲ್ಲಿ ಮೂರು ಲ್ಯಾಬುಗಳಿದ್ದವು. ಉಳಿದ ಎರಡು ಲ್ಯಾಬಿನವರು ಬಾಟಲಿ ಪರೀಕ್ಷಿಸಿ ವಾಪಸ್ ಕಳಿಸುತ್ತಿದ್ದರು. ನೀವೊಬ್ಬರೇ ನೋಡದೆ ಇಟ್ಟುಕೊಳ್ಳುತ್ತೀರಿ ಎಂದು, ನಿಮ್ಮ ವಿಳಾಸವನ್ನು ನಾನೇ ಬರೆದೆ.